ಮರದ ಹಡಗಿನ ಮಾದರಿಗೆ ಹಗ್ಗ ಕಟ್ಟುವುದು: ದಾರದ ಆಯ್ಕೆಯಿಂದ ಕೊನೆಯ ಸುರುಳಿಯವರೆಗೆ

ಹಡಗಿನ ಒಡಲು ಮುಗಿದಿದೆ, ಡೆಕ್ಕಿನ ಮೇಲೆ ತೋಪುಗಳು ಸಾಲಾಗಿ ಕೂತಿವೆ, ಹಾಯಿ ಹೊರುವ ಕೂವೆಮರಗಳು ನಿಲ್ಲಲು ತಯಾರಿವೆ. ಇನ್ನು ಉಳಿದಿರುವುದು ರಿಗ್ಗಿಂಗ್, ಅಂದರೆ ಹಗ್ಗದ ಕೆಲಸ. ಮೂರು ಕೂವೆಯ ಯುದ್ಧನೌಕೆಯಾದರೆ ಒಡಲು ಕಟ್ಟಲು ಹಿಡಿದಷ್ಟೇ ಕಾಲ ಇದಕ್ಕೂ ಹಿಡಿಯುತ್ತದೆ. ಇಲ್ಲಿ ಆಗುವ ತಪ್ಪುಗಳಿಗೆ ಕೈ ಪಳಗದಿರುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಕ್ಷೆಯಲ್ಲಿ ಗೆರೆ ಇದೆಯೆಂದು ದಾರ ಕಟ್ಟಿಬಿಡುತ್ತಾರೆ. ಆ ಹಗ್ಗ ಏನನ್ನು ಎಳೆಯುತ್ತಿತ್ತು ಎಂದು ಕೇಳಿಕೊಳ್ಳುವುದಿಲ್ಲ. ಎಳೆತ ಗೊತ್ತಾದರೆ ಹಗ್ಗ ಎಷ್ಟು ದಪ್ಪ, ಯಾವ ಬಣ್ಣ, ಎಷ್ಟು ಬಿಗಿ, ರಾಟೆಯ ಯಾವ ತುದಿ ಮೇಲೆ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ಹಗ್ಗಗಳಲ್ಲಿ ಎರಡು ಜಾತಿ. ಕೂವೆಯನ್ನು ಅಲುಗದಂತೆ ಪಕ್ಕದಿಂದ ಹಿಡಿಯುವ ಶ್ರೌಡ್, ಮುಂದಿನಿಂದ ಹಿಡಿಯುವ ಸ್ಟೇ, ಹಿಂದಿನಿಂದ ಹಿಡಿಯುವ ಬ್ಯಾಕ್‌ಸ್ಟೇಗಳು ಒಮ್ಮೆ ಕಟ್ಟಿದರೆ ಅಲ್ಲೇ ಇರುತ್ತವೆ. ಮಳೆ ಬಿಸಿಲಿಗೆ ಕೊಳೆಯದಿರಲಿ ಎಂದು ಅವಕ್ಕೆ ಪೈನ್ ಮರದ ಟಾರು ಕುಡಿಸುತ್ತಿದ್ದರು. ಹಾಗಾಗಿ ಅವುಗಳ ಬಣ್ಣ ಕಪ್ಪಿಗೆ ಹತ್ತಿರದ ಕಂದು. ಹಾಯಿಯನ್ನೂ ಅದು ತೂಗುವ ಅಡ್ಡಮರಗಳಾದ ಯಾರ್ಡುಗಳನ್ನೂ ಏರಿಸಿ ಇಳಿಸಿ ತಿರುಗಿಸುವ ಹಗ್ಗಗಳು ದಿನವಿಡೀ ರಾಟೆಯಲ್ಲಿ ಓಡಬೇಕು, ಕೈಗೆ ಅಂಟಬಾರದು. ಅವು ತೆಳು ಕಂದು. ಕಿಟ್ಟಿನಲ್ಲಿ ಬರುವ ಅಪ್ಪಟ ಕಪ್ಪು ದಾರವೂ ಹಾಲಿನಂಥ ಬಿಳಿ ದಾರವೂ ಮಾದರಿಯನ್ನು ಆಟಿಕೆಯಂತೆ ಕಾಣಿಸುತ್ತವೆ. ಮೊದಲು ಬದಲಿಸಬೇಕಾದದ್ದು ಅದನ್ನೇ.

ದಪ್ಪದ ಲೆಕ್ಕ

ಹಳೆಯ ನೌಕಾ ಪಟ್ಟಿಗಳಲ್ಲಿ ಹಗ್ಗದ ಅಳತೆ ಇಂಚಿನಲ್ಲಿರುತ್ತದೆ, ಅದೂ ಸುತ್ತಳತೆ, ವ್ಯಾಸವಲ್ಲ. ಇದನ್ನು ಗಮನಿಸದೆ 9 ಇಂಚಿನ ಶ್ರೌಡ್ ಎಂದರೆ 9 ಇಂಚು ದಪ್ಪ ಎಂದುಕೊಂಡರೆ ಹಗ್ಗ ಮೂರು ಪಟ್ಟು ದಪ್ಪವಾಗಿ ಕೂರುತ್ತದೆ. ಲೆಕ್ಕ ಸುಲಭ: ಇಂಚಿನ ಸುತ್ತಳತೆಯನ್ನು 8.09ರಿಂದ ಗುಣಿಸಿ, ಸ್ಕೇಲಿನ ಸಂಖ್ಯೆಯಿಂದ ಭಾಗಿಸಿ. ಬರುವುದು ನಿಮ್ಮ ದಾರದ ವ್ಯಾಸ, ಮಿಲಿಮೀಟರಿನಲ್ಲಿ. 9 ಇಂಚಿನ ಶ್ರೌಡ್ 1:48ರಲ್ಲಿ 1.52 ಮಿಮೀ, 1:64ರಲ್ಲಿ 1.14, 1:96ರಲ್ಲಿ 0.76.

ಪಟ್ಟಿ ಸಿಗದಿದ್ದರೆ 18ನೇ ಶತಮಾನದ ಇಂಗ್ಲಿಷ್ ಯುದ್ಧನೌಕೆಗಳ ಮಟ್ಟಿಗೆ ಕೂವೆಮರದಿಂದ ಲೆಕ್ಕ ಹಿಡಿಯಬಹುದು. ನಡುಗೂವೆಯ ವ್ಯಾಸ ಎಷ್ಟೋ ಅದರ ಅರ್ಧ, ಮುಖ್ಯ ಸ್ಟೇಯ ಸುತ್ತಳತೆ. ಅದರ ಹತ್ತರಲ್ಲಿ ಆರು ಭಾಗ ಕೆಳ ಶ್ರೌಡಿನದು. ಶ್ರೌಡಿನ ಅರ್ಧ ಅದನ್ನು ಕೆಳಗೆ ಬಿಗಿಯುವ ಸಣ್ಣ ಹಗ್ಗವಾದ ಲ್ಯಾನ್‌ಯಾರ್ಡಿನದು. 30 ಇಂಚಿನ ಕೂವೆಗೆ 15 ಇಂಚಿನ ಸ್ಟೇ, 9 ಇಂಚಿನ ಶ್ರೌಡ್, ನಾಲ್ಕೂವರೆ ಇಂಚಿನ ಲ್ಯಾನ್‌ಯಾರ್ಡ್. 1:64ರಲ್ಲಿ ಕ್ರಮವಾಗಿ 1.9, 1.14, 0.57 ಮಿಮೀ. ಹತ್ತುವ ಮೆಟ್ಟಿಲಾಗುವ ರಾಟ್‌ಲೈನ್ ಒಂದೂವರೆ ಇಂಚು, ಅಂದರೆ 0.19 ಮಿಮೀ. ಹತ್ತು ಪಟ್ಟು ವ್ಯತ್ಯಾಸ! ಮೂರೇ ಮೂರು ದಪ್ಪದ ದಾರ ಕೊಡುವ ಕಿಟ್ಟಿನಲ್ಲಿ ಈ ಏರಿಳಿತ ಕಾಣುವುದೇ ಇಲ್ಲ. ಕಡಿಮೆಯೆಂದರೂ ಏಳೆಂಟು ದಪ್ಪಗಳು ಬೇಕು. ಎರಡು ಅಳತೆಗಳ ನಡುವೆ ಸಿಕ್ಕಿಬಿದ್ದರೆ ತೆಳುವಾದುದನ್ನೇ ಆರಿಸಿ; ದಪ್ಪ ಹಗ್ಗ ದೂರದಿಂದಲೇ ಕಣ್ಣಿಗೆ ಬೀಳುತ್ತದೆ, ತೆಳು ಹಗ್ಗವನ್ನು ಯಾರೂ ದೂರುವುದಿಲ್ಲ.

ದಾರದ ಉಂಡೆಯ ಮೇಲಿನ ಅಳತೆಯನ್ನು ನಂಬಬೇಡಿ. ಒಂದು ಕಡ್ಡಿಯ ಮೇಲೆ 10 ಮಿಮೀ ಉದ್ದಕ್ಕೆ ಒತ್ತೊತ್ತಾಗಿ, ಆದರೆ ಹಿಚುಕದೆ ಸುತ್ತಿ. ಇಪ್ಪತ್ತು ಸುತ್ತು ಹಿಡಿದರೆ ದಾರ ಅರ್ಧ ಮಿಮೀ.

ದಾರ, ಹುರಿ, ನವಿರು

ಹತ್ತಿ ದಾರ ನೋಡಲು ಚೆನ್ನ, ಆದರೆ ನವಿರು ಏಳುತ್ತದೆ, ಹವೆಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಲಿನನ್ ಗಟ್ಟಿ, ಆದರೆ ಗಂಟುಗಂಟು. ಇವತ್ತು ಸಿಗುವವುಗಳಲ್ಲಿ ಹೊಳಪಿಲ್ಲದ ಪಾಲಿಯೆಸ್ಟರ್ ಹೊಲಿಗೆ ದಾರವೇ ಹೆಚ್ಚು ಕೆಲಸಕ್ಕೆ ಬರುತ್ತದೆ: ನವಿರು ಕಡಿಮೆ, ತೇವಕ್ಕೆ ಜಗ್ಗುವುದಿಲ್ಲ, ಬಣ್ಣಗಳು ಬೇಕಾದಷ್ಟು. ನೈಲಾನ್ ಬೇಡ. ಅದು ಹಿಗ್ಗುತ್ತದೆ, ಹೊಳೆಯುತ್ತದೆ, ಹಾಕಿದ ಗಂಟು ನಿಲ್ಲುವುದಿಲ್ಲ.

ದಪ್ಪ ಹಗ್ಗಗಳನ್ನು ಹೊಸೆದುಕೊಳ್ಳುವುದೇ ಒಳ್ಳೆಯದು. ಮೂರು ಎಳೆಗಳನ್ನು ಒಂದೊಂದಾಗಿ ಒಂದು ದಿಕ್ಕಿಗೆ ಹುರಿಮಾಡಿ, ಮೂರನ್ನೂ ಸೇರಿಸಿ ಎದುರು ದಿಕ್ಕಿಗೆ ಬಿಟ್ಟರೆ ಹಗ್ಗ ತಾನೇ ಹೆಣೆದುಕೊಳ್ಳುತ್ತದೆ. ಹೊಸೆಯುವಾಗ ಉದ್ದ ಸುಮಾರು ಕಾಲುಭಾಗಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಒಂದು ಮೀಟರ್ ಹಗ್ಗ ಬೇಕಿದ್ದರೆ ಒಂದೂವರೆ ಮೀಟರ್ ಎಳೆ ಇಟ್ಟುಕೊಳ್ಳಿ. ಮುಗಿದ ಮೇಲೆ ತುದಿಗೆ ಭಾರ ಕಟ್ಟಿ ಒಂದು ರಾತ್ರಿ ನೇತುಹಾಕಿ. ಇಲ್ಲವಾದರೆ ಕತ್ತರಿಸಿದ ಗಳಿಗೆಯಲ್ಲೇ ಹಗ್ಗ ಹಾವಿನಂತೆ ಸುತ್ತಿಕೊಳ್ಳುತ್ತದೆ.

ಹುರಿಯ ದಿಕ್ಕನ್ನೂ ನೋಡಬೇಕು. ಹಗ್ಗವನ್ನು ನೆಟ್ಟಗೆ ಹಿಡಿದಾಗ ಎಳೆಗಳು ಕೆಳಗೆ ಎಡದಿಂದ ಮೇಲೆ ಬಲಕ್ಕೆ ಏರಿದರೆ ಅದು ಬಲಮುರಿ. ಹಡಗಿನ ಸಾಮಾನ್ಯ ಮೂರೆಳೆಯ ಹಗ್ಗ ಬಲಮುರಿಯದು. ಅಂಥ ಮೂರು ಹಗ್ಗಗಳನ್ನು ಮತ್ತೆ ಹೊಸೆದ ಲಂಗರಿನ ಹಗ್ಗ ಎಡಮುರಿಯದು. ಇಲ್ಲೊಂದು ತೊಡಕಿದೆ. ಅಂಗಡಿಯ ಹೊಲಿಗೆ ದಾರ ಸಾಮಾನ್ಯವಾಗಿ ಬಲಮುರಿಯಾಗಿಯೇ ಬರುತ್ತದೆ. ಅದನ್ನು ಅದರ ಹುರಿಯ ಕಡೆಗೇ ಬಿಗಿಮಾಡಿ ಹೊಸೆದರೆ ಸಿಗುವುದು ಎಡಮುರಿ ಹಗ್ಗ. ಬಲಮುರಿ ಹಗ್ಗ ಬೇಕೆಂದರೆ ಎಳೆಯನ್ನು ಎದುರು ದಿಕ್ಕಿಗೆ ತಿರುಗಿಸಬೇಕು, ಆಗ ದಾರದ ಸ್ವಂತ ಹುರಿ ಸ್ವಲ್ಪ ಬಿಚ್ಚಿ ಎಳೆ ಚಪ್ಪಟೆಯಾಗುತ್ತದೆ. ಪಾಲಿಯೆಸ್ಟರ್ ಇದನ್ನು ತಡೆದುಕೊಳ್ಳುತ್ತದೆ, ಹತ್ತಿ ನವಿರೇಳುತ್ತದೆ.

ನವಿರು ತೆಗೆಯಲು ಹತ್ತಿ, ಲಿನನ್ ದಾರವನ್ನು ಬಿಗಿಯಾಗಿ ಹಿಡಿದು ಸಣ್ಣ ಜ್ವಾಲೆಯ ಮೇಲೆ ಸರಕ್ಕನೆ ಎಳೆಯಿರಿ. ಪಾಲಿಯೆಸ್ಟರನ್ನು ಜ್ವಾಲೆಗೆ ಹಿಡಿಯಬಾರದು, ಕರಗುತ್ತದೆ. ಜೇನುಮೇಣ ಸವರುವ ರೂಢಿ ಹಳೆಯದು. ಸವರಿದರೆ ಬೆರಳಿನಿಂದ ಉಜ್ಜಿ ಬಹುಪಾಲು ತೆಗೆದುಬಿಡಿ. ಮೇಣ ಉಳಿದಲ್ಲಿ ಧೂಳು ಕೂರುತ್ತದೆ, ಆಮೇಲೆ ಅದನ್ನು ತೊಳೆಯುವ ದಾರಿಯಿಲ್ಲ.

ಅಂಟಿಗೆ ಬಿಳಿ ಪಿವಿಎ ಸಾಕು, ಒಂದು ಪಾಲಿಗೆ ಎರಡು ಮೂರು ಪಾಲು ನೀರು. ಒಣಗಿದ ಮೇಲೆ ಕಾಣುವುದಿಲ್ಲ, ತಪ್ಪಾದರೆ ಒಂದು ಹನಿ ನೀರು ಬಿಟ್ಟು ಗಂಟು ಬಿಚ್ಚಬಹುದು. ಸೂಪರ್‌ಗ್ಲೂ ದಾರವನ್ನು ಗಾಜಿನಂತೆ ಪೆಡಸು ಮಾಡುತ್ತದೆ, ಬಿಳಿಯ ಹೊಗೆಕಲೆ ಬಿಡುತ್ತದೆ. ಅದರ ಜಾಗ ಒಂದೇ: ಸೂಜಿಯಿಲ್ಲದೆ ರಂಧ್ರಕ್ಕೆ ಪೋಣಿಸಲು ದಾರದ ತುದಿ ಗಟ್ಟಿಮಾಡುವುದು. ಒಂದು ಸೆಂಟಿಮೀಟರ್ ಅದ್ದಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿದರೆ ತುದಿಯೇ ಸೂಜಿ.

ರಾಟೆಗಳು

ಕಿಟ್ಟಿನ ಬ್ಲಾಕ್‌ಗಳು ಮೂಲೆ ಚೂಪಾದ ಡಬ್ಬಿಗಳಂತೆ ಬರುತ್ತವೆ. ಒಂದು ಸಣ್ಣ ಡಬ್ಬಿಯ ಒಳಗೋಡೆಗೆ ಉಪ್ಪುಕಾಗದ ಅಂಟಿಸಿ, ರಾಟೆಗಳನ್ನು ಹಾಕಿ, ಮುಚ್ಚಿ, ಡ್ರಿಲ್ಲಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿದರೆ ಅವು ಮೊಟ್ಟೆಯಾಕಾರಕ್ಕೆ ಬರುತ್ತವೆ. ಆಗಾಗ ನಿಲ್ಲಿಸಿ ನೋಡಿ; ಅತಿಯಾದರೆ ಹಗ್ಗ ಕೂರುವ ಅಂಚಿನ ತೋಡು ಅಳಿಸಿಹೋಗುತ್ತದೆ. ಗಾತ್ರಕ್ಕೆ ಹಳೆಯ ಅಂದಾಜು: ರಾಟೆಯ ಉದ್ದ ಹಗ್ಗದ ಸುತ್ತಳತೆಯ ಸುಮಾರು ಮೂರು ಪಟ್ಟು. ದಾರದ ಲೆಕ್ಕದಲ್ಲಿ ವ್ಯಾಸದ ಒಂಬತ್ತು ಹತ್ತು ಪಟ್ಟು, ಅಂದರೆ 0.5 ಮಿಮೀ ದಾರಕ್ಕೆ 5 ಮಿಮೀ ರಾಟೆ.

ರಂಧ್ರ ರಾಟೆಯ ನಡುಮಧ್ಯದಲ್ಲಿರುವುದಿಲ್ಲ, ಒಂದು ತುದಿಗೆ ಸರಿದಿರುತ್ತದೆ. ಯಾವ ತುದಿ ಎತ್ತ? ಎಳೆತ ಕೇಳಿ. ಮೇಲಿನಿಂದ ನೇತುಬಿದ್ದ ರಾಟೆಯಲ್ಲಿ ಹಗ್ಗ ಗಾಲಿಯ ಮೇಲೆ ಹತ್ತಿ ಇಳಿಯುತ್ತದೆ. ಗಾಲಿಗೂ ಕವಚಕ್ಕೂ ನಡುವಿನ ಕಿಂಡಿ ಮೇಲುಗಡೆ ಇರಬೇಕು. ಹಾಗಾಗಿ ರಂಧ್ರ ಸರಿದಿರುವ ತುದಿ ಯಾವಾಗಲೂ ರಾಟೆ ಕಟ್ಟಿರುವ ಕಡೆಗೆ. ತಲೆಕೆಳಗಾದ ರಾಟೆ ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ, ಮತ್ತು ಆಮೇಲೆ ತಿರುಗಿಸಲು ಬರುವುದಿಲ್ಲ.

ಕೂವೆ ನಿಲ್ಲಿಸುವ ಮೊದಲು

ಮೇಜಿನ ಮೇಲೆ ಐದು ನಿಮಿಷದ ಕೆಲಸ, ಕೂವೆ ನಿಂತ ಮೇಲೆ ಅರ್ಧ ದಿನದ್ದು. ಆದ್ದರಿಂದ ಕೂವೆಯ ನೆತ್ತಿ, ಅಟ್ಟಣಿಗೆಯ ಅಡಿ, ಯಾರ್ಡ್ ಇವುಗಳಿಗೆ ಬರುವ ಪ್ರತಿ ರಾಟೆಯನ್ನೂ ಕೈಯಲ್ಲಿ ಹಿಡಿದಿರುವಾಗಲೇ ಕಟ್ಟಿ. ಒಂದು ಪಟ್ಟಿ ಬರೆಯಿರಿ: ಹಗ್ಗದ ಹೆಸರು, ಎಲ್ಲಿ ಶುರು, ಯಾವ ರಾಟೆಗಳ ಮೂಲಕ, ಎಲ್ಲಿ ಕೊನೆ, ದಪ್ಪ. ಕಟ್ಟಿದ ರಾಟೆಗೆ ಗುರುತು ಹಾಕುತ್ತ ಹೋಗಿ. ಒಂದು ರಾಟೆ ಮರೆತರೆ ಅದು ನೆನಪಾಗುವುದು ಸುತ್ತ ನಲವತ್ತು ಹಗ್ಗಗಳು ಬಿಗಿದ ಮೇಲೆಯೇ. ಡೆಕ್ಕಿನಲ್ಲಿ ಹಗ್ಗ ಕಟ್ಟುವ ಗೂಟ, ಕ್ಲೀಟ್, ಬಳೆಗಳನ್ನು ಅಂಟಿನಿಂದ ಮಾತ್ರ ಕೂರಿಸದೆ ಹಿತ್ತಾಳೆ ತಂತಿಯ ಮೊಳೆ ಕೊಟ್ಟು ಕೂರಿಸಿ. ಎಳೆತ ಬರುವುದು ಅಲ್ಲಿಗೇ.

ಹಡಗಿನ ಕಾಲವೂ ಇಲ್ಲೇ ತೀರ್ಮಾನವಾಗಲಿ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ಯುದ್ಧನೌಕೆ ವಾಸಾದ, ಶ್ರೌಡಿನ ತುದಿಯ ಮರದ ಬಿಲ್ಲೆಗಳಾದ ಡೆಡ್‌ಐಗಳು ಪೇರಳೆ ಹಣ್ಣಿನಾಕಾರದವು. 1765ರಲ್ಲಿ ನೀರಿಗಿಳಿದ ಇಂಗ್ಲಿಷ್ ಯುದ್ಧನೌಕೆ ವಿಕ್ಟರಿಯ ಡೆಡ್‌ಐಗಳು ದುಂಡಗಿನವು. 1869ರ ಸರಕುಹಡಗು ಕಟ್ಟಿ ಸಾರ್ಕ್‌ಗೆ ಶ್ರೌಡುಗಳೇ ತಂತಿಹಗ್ಗದವು, ಸೆಣಬಿನವಲ್ಲ. ಒಂದು ಕಾಲದ ಹಡಗಿಗೆ ಇನ್ನೊಂದು ಕಾಲದ ಬಿಡಿಭಾಗ ಹಾಕಿದ ಕಿಟ್ಟುಗಳು ಬೇಕಾದಷ್ಟಿವೆ.

ಶ್ರೌಡ್ ಮತ್ತು ಡೆಡ್‌ಐ

ಡೆಡ್‌ಐ ಎಂದರೆ ಗಾಲಿಯಿಲ್ಲದ, ಮೂರು ತೂತಿನ ಮರದ ಬಿಲ್ಲೆ. ಎರಡು ಕಣ್ಣು, ಒಂದು ಬಾಯಿ ಇರುವ ತಲೆಬುರುಡೆಯಂತೆ ಕಾಣುತ್ತದೆ, ಹೆಸರಿನ ಅರ್ಥವೂ ಸತ್ತ ಕಣ್ಣು. ಕೂರಿಸುವ ಬಗೆ ನೆನಪಿಡಲು ಈ ಬುರುಡೆಯೇ ಸಾಕು. ಮೇಲಿನ ಡೆಡ್‌ಐ ನೆಟ್ಟಗಿನ ಬುರುಡೆ: ಎರಡು ತೂತು ಮೇಲೆ, ಒಂಟಿ ತೂತು ಕೆಳಗೆ. ಕೆಳಗಿನದು ತಲೆಕೆಳಗು: ಒಂಟಿ ತೂತು ಮೇಲೆ. ಎರಡು ಬಾಯಿಗಳು ಒಂದಕ್ಕೊಂದು ಎದುರಾಗಿರುತ್ತವೆ.

ಮೊದಲ ತಪ್ಪು ಆಗುವುದು ಇದಕ್ಕೂ ಮುಂಚೆ. ಒಡಲಿನ ಪಕ್ಕದಲ್ಲಿ ಚಾಚಿದ ಹಲಗೆಗೆ ಚಾನೆಲ್ ಎಂದು ಹೆಸರು. ಕೆಳ ಡೆಡ್‌ಐ ಅದರ ಅಂಚಿನಲ್ಲಿ ಕೂರುತ್ತದೆ; ಅಲ್ಲಿಂದ ಕಬ್ಬಿಣದ ಸರಪಳಿ ಇಳಿದು ಒಡಲಿಗೆ ಮೊಳೆಯಾಗುತ್ತದೆ. ಈ ಸರಪಳಿಗಳನ್ನು ಎಲ್ಲರೂ ನೆಟ್ಟಗೆ ಬಡಿಯುತ್ತಾರೆ. ಆದರೆ ಶ್ರೌಡ್ ಎಳೆಯುವುದು ಕೂವೆಯ ನೆತ್ತಿಯ ಕಡೆಗೆ, ಹಿಂದಿನ ಶ್ರೌಡುಗಳು ಹೆಚ್ಚು ಓರೆ. ಸರಪಳಿ ಅದೇ ಗೆರೆಯ ಮುಂದುವರಿಕೆಯಾಗಿರಬೇಕು. ಕೂವೆಯನ್ನು ಅಂಟಿಲ್ಲದೆ ನಿಲ್ಲಿಸಿ, ನೆತ್ತಿಯಿಂದ ಒಂದು ದಾರ ಎಳೆದು ಡೆಡ್‌ಐಯ ಜಾಗ ಮುಟ್ಟಿಸಿ ಕೆಳಗೆ ತನ್ನಿ. ದಾರ ಒಡಲಿಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿ. ಪ್ರತಿಯೊಂದಕ್ಕೂ ಬೇರೆ ಗುರುತು. ಗೆರೆ ತೋಪಿನ ಕಿಂಡಿಗೆ ಅಡ್ಡ ಬಂದರೆ ಚಾನೆಲಿನ ಮೇಲೆ ಡೆಡ್‌ಐಯನ್ನು ತುಸು ಸರಿಸಿ, ಕಿಂಡಿಯನ್ನಲ್ಲ.

ಇನ್ನು ಕಟ್ಟುವ ಕ್ರಮ.

1. ಶ್ರೌಡುಗಳು ಜೋಡಿಯಾಗಿ ಬರುತ್ತವೆ. ಒಂದೇ ಹಗ್ಗ ಕೂವೆಯ ನೆತ್ತಿಯನ್ನು ಬಳಸಿ, ಎರಡು ಕಾಲಾಗಿ ಅದೇ ಮಗ್ಗುಲಿಗೆ ಇಳಿಯುತ್ತದೆ. ನೆತ್ತಿಯಿಂದ ಚಾನೆಲಿಗೆ ಇರುವ ದೂರದ ಎರಡರಷ್ಟಕ್ಕೆ ಇನ್ನೂ 150 ಮಿಮೀ ಸೇರಿಸಿ ಕತ್ತರಿಸಿ.

2. ಕುಣಿಕೆಯಾಗುವ ಭಾಗಕ್ಕೆ ಸಣ್ಣ ದಾರವನ್ನು ಒತ್ತಾಗಿ ಸುತ್ತಿ ಮುಚ್ಚಿ. ಹಡಗಿನಲ್ಲಿ ಇದು ಸವೆತ ತಡೆಯಲು ಮಾಡುತ್ತಿದ್ದದ್ದು. ಹಾಯಿ ಉಜ್ಜುವುದು ಎಲ್ಲಕ್ಕಿಂತ ಮುಂದಿನ ಶ್ರೌಡಿಗೆ. ಅದಕ್ಕೆ ಮಾತ್ರ ಉದ್ದಕ್ಕೂ ಸುತ್ತಿ.

3. ಬಲಮಗ್ಗುಲಿನ ಮುಂದಿನ ಜೋಡಿ ಮೊದಲು, ಆಮೇಲೆ ಎಡಮಗ್ಗುಲಿನ ಮುಂದಿನದು, ಮತ್ತೆ ಬಲ, ಮತ್ತೆ ಎಡ. ಒಂದರ ಮೇಲೊಂದು ಕುಣಿಕೆ ಕೂರುತ್ತ ಹೋಗುತ್ತದೆ. ಒಂದೇ ಮಗ್ಗುಲನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ನೆತ್ತಿಯ ಮೇಲಿನ ಗುಪ್ಪೆ ಒಂದು ಪಕ್ಕಕ್ಕೆ ವಾಲುತ್ತದೆ, ಕೂವೆಯೂ ವಾಲುತ್ತದೆ.

4. 0.7 ಮಿಮೀ ಹಿತ್ತಾಳೆ ತಂತಿಯನ್ನು ಸ್ಟೇಪಲ್ ಪಿನ್ನಿನ ಹಾಗೆ ಬಾಗಿಸಿ, ಎರಡು ಕಾಲುಗಳ ನಡುವೆ ಡೆಡ್‌ಐಗಳ ಅಂತರ ಬರುವಂತೆ. ಅಂತರ ನಕ್ಷೆಯಲ್ಲಿಲ್ಲದಿದ್ದರೆ ಬಿಲ್ಲೆಯ ವ್ಯಾಸದ ಎರಡೂವರೆ ಮೂರು ಪಟ್ಟು ನೋಡಲು ಸರಿಯಾಗಿರುತ್ತದೆ. ಒಂದು ಕಾಲು ಕೆಳ ಡೆಡ್‌ಐಯ ತೂತಿಗೆ, ಇನ್ನೊಂದು ಮೇಲಿನದಕ್ಕೆ. ಅಂತರವನ್ನು ತಂತಿ ಹಿಡಿದುಕೊಳ್ಳುತ್ತದೆ, ನಿಮ್ಮ ಎರಡೂ ಕೈ ಖಾಲಿ.

5. ಶ್ರೌಡಿನ ತುದಿಯನ್ನು ಮೇಲಿನ ಡೆಡ್‌ಐಯ ಸುತ್ತ ತಂದು, ಮಡಚಿದ ಎರಡೂ ಭಾಗ ಸೇರುವ ಕೊರಳಲ್ಲಿ ಕ್ಲಿಪ್ ಹಾಕಿ, ತೆಳು ದಾರದಿಂದ ಆರೇಳು ಸುತ್ತು ಬಿಗಿಯಿರಿ. ತಂತಿ ತೆಗೆದು ಮೇಲೆ ಇನ್ನೆರಡು ಕಡೆ ಕಟ್ಟು ಹಾಕಿ. ತುದಿ ಎತ್ತ ಬರಬೇಕು ಎಂಬುದನ್ನು ನಿಮ್ಮ ಹಡಗಿನ ನಕ್ಷೆ ನೋಡಿ ಒಮ್ಮೆ ನಿರ್ಧರಿಸಿ; ಒಂದು ಮಗ್ಗುಲಲ್ಲಿ ಒಂದು ಶ್ರೌಡಿನ ತುದಿ ಮುಂದಕ್ಕೆ, ಪಕ್ಕದ್ದರ ತುದಿ ಹಿಂದಕ್ಕೆ ಇರಬಾರದು.

6. ಲ್ಯಾನ್‌ಯಾರ್ಡಿಗೆ ಗಂಟು ಹಾಕಿ. ಗಂಟು ಮೇಲಿನ ಡೆಡ್‌ಐಯ ಒಳಮುಖದಲ್ಲಿ, ಅಂಚಿನ ತೂತಿನ ಹಿಂದೆ ನಿಲ್ಲುತ್ತದೆ. ದಾರ ಅಲ್ಲಿಂದ ಹೊರಕ್ಕೆ ಬಂದು, ನೇರ ಕೆಳಗಿಳಿದು, ಕೆಳ ಡೆಡ್‌ಐಯ ಅದೇ ಪಕ್ಕದ ತೂತಿನಲ್ಲಿ ಒಳಕ್ಕೆ. ಒಳಗಿನಿಂದ ಓರೆಯಾಗಿ ಮೇಲಿನ ನಡುತೂತಿಗೆ ಏರಿ ಹೊರಕ್ಕೆ, ಕೆಳಗಿನ ನಡುತೂತಿನಲ್ಲಿ ಒಳಕ್ಕೆ. ಮೂರನೆಯದಕ್ಕೂ ಹೀಗೆಯೇ. ಹೊರಗಿನಿಂದ ನೋಡಿದಾಗ ಮೂರು ನೇರ ಗೆರೆ ಮುಂದೆ, ಓರೆ ಗೆರೆಗಳು ಹಿಂದೆ ಇರಬೇಕು. ಕೊನೆಯ ತೂತಿನಿಂದ ಒಳಕ್ಕೆ ಹೋದ ದಾರ ಮೇಲೇರಿ, ಮೇಲಿನ ಡೆಡ್‌ಐಗೂ ಕೊರಳಿನ ಕಟ್ಟಿಗೂ ನಡುವೆ ತೂರಿ, ಶ್ರೌಡಿನ ಸುತ್ತ ಮೂರು ನಾಲ್ಕು ಸುತ್ತು ಬಂದು ನಿಲ್ಲುತ್ತದೆ.

7. ಯಾವುದನ್ನೂ ಈಗಲೇ ಪೂರ್ತಿ ಬಿಗಿಯಬೇಡಿ. ಎಲ್ಲವನ್ನೂ ಪೋಣಿಸಿದ ಮೇಲೆ ಬಲಕ್ಕೊಂದು ಎಡಕ್ಕೊಂದು ಎಂದು ಸ್ವಲ್ಪಸ್ವಲ್ಪವೇ ಎಳೆಯಿರಿ, ಪ್ರತಿ ಸುತ್ತಿಗೂ ಹಡಗಿನ ಹಿಂದೆ ನಿಂತು ಕೂವೆ ನೆಟ್ಟಗಿದೆಯೇ ನೋಡಿ. ಪಕ್ಕದಿಂದ ಕೂವೆಯ ಹಿಂಬಾಗು ಅಳೆಯಲು ರಟ್ಟಿನ ಒಂದು ಕೋನ ಕತ್ತರಿಸಿಟ್ಟುಕೊಳ್ಳಿ.

ಎಷ್ಟು ಬಿಗಿ? ದಾರದಲ್ಲಿ ಜೋಲು ಕಾಣದಷ್ಟು, ಅಷ್ಟೇ. ವೀಣೆಯ ತಂತಿಯಂತೆ ಮೀಟಿದರೆ ಸದ್ದು ಬರುವಷ್ಟು ಬಿಗಿದರೆ ತೆಳುವಾದ ಮೇಲ್ಗೂವೆ ಬಿಲ್ಲಿನಂತೆ ಬಾಗುತ್ತದೆ, ಮುಂದಿನ ಹಗ್ಗ ಬಿಗಿಯುತ್ತಲೇ ಹಿಂದಿನದು ಸಡಿಲವಾಗುತ್ತದೆ. ಲ್ಯಾನ್‌ಯಾರ್ಡಿನ ತುದಿಗಳಿಗೆ ಅಂಟು ಹಾಕುವುದು ಸ್ಟೇಗಳು ಬಂದ ಮೇಲೆ. ಸ್ಟೇ ಕೂವೆಯನ್ನು ಮುಂದಕ್ಕೆ ಎಳೆಯುತ್ತದೆ. ಶ್ರೌಡ್ ಆಗ ಮತ್ತೆ ತುಸು ಬಿಗಿಯಾಗುತ್ತದೆ.

ರಾಟ್‌ಲೈನ್

ತಾಳ್ಮೆ ಕೆಡುವುದು ಇಲ್ಲಿ. ಒಂದು ಮಗ್ಗುಲಿಗೆ ಆರು ಶ್ರೌಡ್, 28 ಸಾಲು ಎಂದರೆ 168 ಗಂಟು. ಎರಡು ಮಗ್ಗುಲಿಗೆ 336, ಅದೂ ಒಂದು ಕೂವೆಯ ಕೆಳಭಾಗಕ್ಕೆ ಮಾತ್ರ. ದಿನಕ್ಕೆ ಆರೇಳು ಸಾಲು ಹಾಕಿ ಎದ್ದುಬಿಡಿ. ದಣಿದ ಕೈ ಬಿಗಿಯಾಗಿ ಎಳೆಯುತ್ತದೆ.

ಸಾಲುಗಳ ಅಂತರ ನಿಜ ಹಡಗಿನಲ್ಲಿ 13ರಿಂದ 15 ಇಂಚು, ಮನುಷ್ಯನ ಒಂದು ಹೆಜ್ಜೆ. 1:64ರಲ್ಲಿ 5.2ರಿಂದ 6 ಮಿಮೀ, 1:96ರಲ್ಲಿ 3.4ರಿಂದ 4. ಹಡಗಿನ ಪಕ್ಕ ಒಂದು ಪುಟಾಣಿ ಮನುಷ್ಯನನ್ನು ನಿಲ್ಲಿಸಿ ನೋಡಿ. ಕಿಟ್ಟಿನ ಚಿತ್ರದಲ್ಲಿರುವ ಹತ್ತು ಮಿಲಿಮೀಟರ್ ಅಂತರ ಅವನ ಮಂಡಿಗಿಂತ ಮೇಲೆ ಹೋಗುತ್ತದೆ. ಬಿಳಿ ರಟ್ಟಿನ ಮೇಲೆ ಈ ಅಂತರಕ್ಕೆ ಗೆರೆ ಎಳೆದು ಶ್ರೌಡುಗಳ ಹಿಂದೆ ಸಿಕ್ಕಿಸಿ. ಗೆರೆಗಳು ನೀರಿನ ಮಟ್ಟಕ್ಕೆ ಸಮವಾಗಿರಲಿ, ಡೆಕ್ಕಿನ ಬಾಗಿಗಲ್ಲ.

ಗಂಟು ಕ್ಲೋವ್ ಹಿಚ್. ಎಡದಿಂದ ಬಂದ ದಾರ ಶ್ರೌಡಿನ ಮುಂದೆ ಬಲಕ್ಕೆ ದಾಟಲಿ. ಹಿಂದಿನಿಂದ ಸುತ್ತಿ ಎಡಕ್ಕೆ, ಮೊದಲ ಸುತ್ತಿನ ಕೆಳಗೆ ಹೊರಬರಲಿ. ಅಲ್ಲಿಂದ ಓರೆಯಾಗಿ, ಮೊದಲ ಸುತ್ತಿನ ಮೇಲೆ ಹಾದು, ಬಲಕ್ಕೆ ಏರಲಿ. ಮತ್ತೆ ಹಿಂದಿನಿಂದ ಎಡಕ್ಕೆ ಬಂದು, ಈ ಓರೆ ಎಳೆಯ ಅಡಿಯಲ್ಲಿ ತೂರಿ ಬಲಕ್ಕೆ ಹೋಗಲಿ. ಎಳೆಯುವ ಮೊದಲು ಗಂಟನ್ನು ಚಿಮಟದ ತುದಿಯಿಂದ ರಟ್ಟಿನ ಗೆರೆಯ ಮೇಲೆ ಕೂರಿಸಿ, ಎಡದ ದಾರವನ್ನು ಬೆರಳಿನಿಂದ ಒತ್ತಿಹಿಡಿದು, ಬಲಕ್ಕೆ ಮೆಲ್ಲಗೆ ಎಳೆಯಿರಿ. ಸರಿಯಾದ ಗಂಟಿನಲ್ಲಿ ಶ್ರೌಡಿನ ಮುಂದೆ ಓರೆ ಗೆರೆಯೊಂದು ಕಾಣುತ್ತದೆ, ಎರಡು ಕಡೆಗೂ ದಾರ ಅದರ ಅಡಿಯಿಂದ ಹೊರಡುತ್ತದೆ. ಮೊದಲ ಮತ್ತು ಕೊನೆಯ ಶ್ರೌಡಿನಲ್ಲಿ ನಿಜ ಹಡಗಿನವರು ಸಣ್ಣ ಕಣ್ಣು ಮಾಡಿ ಕಟ್ಟುತ್ತಿದ್ದರು. 1:64ಕ್ಕಿಂತ ಚಿಕ್ಕ ಮಾದರಿಯಲ್ಲಿ ಅಲ್ಲೂ ಇದೇ ಗಂಟು ಸಾಕು, ಬಿಡಿಸಿ ನೋಡುವವರಿಲ್ಲ. ನೀರು ಬೆರೆಸಿದ ಅಂಟನ್ನು ಸೂಜಿಯ ತುದಿಯಿಂದ ಈ ಎರಡು ಹೊರಗಂಟುಗಳಿಗೆ ಮಾತ್ರ ಮುಟ್ಟಿಸಿ. ನಡುವಿನವಕ್ಕೆ ಅಂಟು ಬೇಡ, ಆಮೇಲೆ ಮೇಲೆ ಕೆಳಗೆ ಸರಿಸಲು ಅನುಕೂಲ.

ಇಲ್ಲಿನ ದೊಡ್ಡ ದೋಷ ಎಂದರೆ ಸೊಂಟ ಹಿಡಿದುಕೊಳ್ಳುವುದು. ಪ್ರತಿ ಸಾಲೂ ಕೂದಲೆಳೆಯಷ್ಟು ಬಿಗಿಯಾದರೂ ಹತ್ತು ಸಾಲಿನ ನಂತರ ಹೊರಗಿನ ಶ್ರೌಡುಗಳು ಒಳಕ್ಕೆ ಬಾಗಿ, ಇಡೀ ಏಣಿ ಡಮರುವಿನಂತೆ ನಡುವೆ ಸಣ್ಣಗಾಗುತ್ತದೆ. ತಡೆಯುವ ದಾರಿ: ಶ್ರೌಡುಗಳಿಗೆ ಅಡ್ಡವಾಗಿ ಎರಡು ಮೂರು ಕಡೆ ಬಿದಿರುಕಡ್ಡಿ ಕಟ್ಟಿ, ಕೆಲಸ ಮುಗಿಯುವವರೆಗೆ ಹಾಗೇ ಬಿಡಿ. ಮೊದಲು ಪ್ರತಿ ಐದನೆಯ ಸಾಲನ್ನು ಹಾಕಿ, ಆಮೇಲೆ ನಡುವಿನವನ್ನು ತುಂಬಿ. ಪ್ರತಿ ಸಾಲಿನ ಕೊನೆಗೆ ಹೊರ ಶ್ರೌಡಿನ ಪಕ್ಕ ಸ್ಟೀಲ್ ಪಟ್ಟಿ ಹಿಡಿದು ನೋಡಿ. ಬಾಗಿದೆ ಎನಿಸಿದರೆ ಆ ಸಾಲನ್ನೇ ಕತ್ತರಿಸಿ ತೆಗೆಯಿರಿ. ಮುಂದಿನ ಸಾಲಿನಲ್ಲಿ ಸರಿಮಾಡುತ್ತೇನೆ ಎಂದರೆ ಆಗುವುದಿಲ್ಲ. ಸಾಲುಗಳು ಎಳೆಯಬಲ್ಲವು, ದೂಡಲಾರವು.

ಸ್ಟೇಗಳು

ಸ್ಟೇ ಕೂವೆಯಿಂದ ಮುಂದಕ್ಕೆ, ನಟ್ಟನಡುವಿನ ಗೆರೆಯಲ್ಲಿ ಇಳಿಯುತ್ತದೆ. ಶ್ರೌಡುಗಳ ಕುಣಿಕೆಗಳ ಮೇಲೆ ಅದರ ಕುಣಿಕೆ. ಅಲ್ಲಿ ಗಂಟಿರುವುದಿಲ್ಲ: ತುದಿಯ ಸಣ್ಣ ಕಣ್ಣಿನಲ್ಲಿ ಸ್ಟೇಯೇ ತೂರಿ ಬರುತ್ತದೆ, ಪೂರ್ತಿ ಜಾರದಂತೆ ಹಗ್ಗದ ಮೇಲೆ ಪೇರಳೆ ಹಣ್ಣಿನಂಥ ಉಬ್ಬು ಮಾಡಿರುತ್ತಾರೆ. ಮಾದರಿಗೆ ಇದನ್ನು ದಾರ ಸುತ್ತಿ ಸುತ್ತಿ, ನಡುನಡುವೆ ಅಂಟು ಸವರಿ ಕಟ್ಟಬಹುದು. ದಪ್ಪ ತುದಿ ಕಣ್ಣಿನ ಕಡೆಗೆ. ಜೀರುಗುಣಿಕೆ ಹಾಕಿ ಮುಗಿಸಿದರೆ ಕೆಲಸ ನಡೆಯುತ್ತದೆ, ಆದರೆ ವಿಕ್ಟರಿಯಂಥ ಹಡಗಿನಲ್ಲಿ ಈ ಉಬ್ಬು ಎದ್ದು ಕಾಣುವ ಭಾಗ.

ಸ್ಟೇಗಳಿಗಿಂತ ಮೊದಲು ಬೌಸ್ಪ್ರಿಟ್, ಅಂದರೆ ಮೂತಿಯಿಂದ ಮುಂದಕ್ಕೆ ಚಾಚಿದ ಮರ, ಗಟ್ಟಿಯಾಗಿರಬೇಕು. ಮುಂಗೂವೆಯ ಎಲ್ಲ ಸ್ಟೇಗಳೂ ಅದನ್ನೇ ಮೇಲಕ್ಕೆ ಎಳೆಯುವುದರಿಂದ ಅದನ್ನು ಹಡಗಿನ ಮೂತಿಗೆ ಹಗ್ಗದಿಂದ ಬಿಗಿದು ಕಟ್ಟಿರುತ್ತಾರೆ. ಸುತ್ತುಗಳು ಮೇಲೆ ಒಂದು ಕ್ರಮದಲ್ಲಿ, ಮೂತಿಯ ಕಿಂಡಿಯಲ್ಲಿ ಅದಕ್ಕೆ ಎದುರು ಕ್ರಮದಲ್ಲಿ ಬಂದು ನಡುವೆ ತಿರುಚಿಕೊಂಡಂತೆ ಕಾಣಬೇಕು. ಒಂದಕ್ಕೊಂದು ಸಮಾನಾಂತರವಾಗಿ ಸುತ್ತಿದ್ದರೆ ಬಿಚ್ಚಿ ಮತ್ತೆ ಸುತ್ತಿ.

ಯಾರ್ಡುಗಳು, ಓಡುವ ಹಗ್ಗಗಳು

ಹಾಯಿ ಹಾಕುತ್ತೀರೋ ಇಲ್ಲವೋ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಬೇಕು. ಹಾಯಿಯಿಲ್ಲದೆ ಯಾರ್ಡುಗಳನ್ನೆಲ್ಲ ಎತ್ತರಕ್ಕೆ ಏರಿಸಿ ನಿಲ್ಲಿಸಿದ ಮಾದರಿಗಳೇ ಹೆಚ್ಚು. ನಿಜ ಹಡಗಿನಲ್ಲಿ ಮೇಲ್ಗೂವೆಯ ಯಾರ್ಡನ್ನು ಏರಿಸುತ್ತಿದ್ದದ್ದು ಹಾಯಿಯನ್ನು ಬಿಗಿಯಾಗಿ ಹರಡಲು. ಹಾಯಿ ಇಲ್ಲವೆಂದರೆ ಅದು ಕೆಳಕೂವೆಯ ತಲೆಯ ಸ್ವಲ್ಪ ಮೇಲಕ್ಕೆ ಇಳಿದು ಕೂತಿರುತ್ತದೆ. ಇಳಿದಾಗ ಯಾರ್ಡಿನ ಎರಡೂ ತುದಿಗಳನ್ನು ಹೊರುವ ಲಿಫ್ಟುಗಳು ಬಿಗಿಯಾಗಿರುತ್ತವೆ; ಏರಿದಾಗ ಭಾರ ಯಾರ್ಡನ್ನು ಏರಿಸುವ ಹಗ್ಗವಾದ ಹ್ಯಾಲ್ಯಾರ್ಡಿನ ಮೇಲೆ ಹೋಗಿ ಲಿಫ್ಟುಗಳು ಜೋಲುತ್ತವೆ. ಏರಿಸಿದ ಯಾರ್ಡಿಗೆ ಬಿಗಿದ ಲಿಫ್ಟ್ ಎಂದರೆ ಎರಡು ಕಥೆಗಳನ್ನು ಒಟ್ಟಿಗೆ ಹೇಳಿದಂತೆ.

ನಾವಿಕರು ನಿಲ್ಲುವ ಕಾಲುಹಗ್ಗ ಯಾರ್ಡಿನ ಕೆಳಗೆ ಸುಮಾರು ಮೂರು ಅಡಿ ಇಳಿಬಿದ್ದಿರುತ್ತದೆ, 1:64ರಲ್ಲಿ 14 ಮಿಮೀ. ಹಗುರ ದಾರ ತಾನಾಗಿ ಇಳಿಬೀಳುವುದಿಲ್ಲ. ಅಂಟುನೀರಿನಲ್ಲಿ ಒದ್ದೆ ಮಾಡಿ, ಸಣ್ಣ ಕ್ಲಿಪ್ಪಿನ ಭಾರ ಕೊಟ್ಟು ಒಣಗಿಸಿ.

ಕಟ್ಟುವ ಕ್ರಮ ಒಳಗಿನಿಂದ ಹೊರಕ್ಕೆ, ಕೆಳಗಿನಿಂದ ಮೇಲಕ್ಕೆ. ಕೂವೆಯ ಬುಡಕ್ಕೆ ಇಳಿಯುವ ಹಗ್ಗಗಳು ಮೊದಲು, ಪಕ್ಕದ ಗೋಡೆಗೆ ಹೋಗುವವು ಆಮೇಲೆ. ಯಾರ್ಡಿನ ತುದಿಯನ್ನು ಹಿಂದಕ್ಕೆ ಎಳೆಯುವ ಬ್ರೇಸುಗಳು ಎಲ್ಲಕ್ಕಿಂತ ಕೊನೆ. ಅವು ಹಡಗಿನ ಹೊರಗೆ ಚಾಚಿಕೊಂಡಿರುವುದರಿಂದ ತೋಳು ತಗಲುವುದು ಅವಕ್ಕೇ. ಹಿಂಗೂವೆಯ ಬ್ರೇಸುಗಳು ಮಾತ್ರ ಮುಂದಕ್ಕೆ, ನಡುಗೂವೆಯ ಕಡೆಗೆ ಹೋಗುತ್ತವೆ. ಅದರ ಹಿಂದೆ ಕಟ್ಟಲು ಬೇರೆ ಕೂವೆ ಇಲ್ಲವಲ್ಲ.

ಡೆಕ್ಕಿನಲ್ಲಿ ಯಾವ ಹಗ್ಗ ಎಲ್ಲಿ ಎಂಬುದಕ್ಕೆ ನಕ್ಷೆ ಮೌನವಾಗಿದ್ದರೆ, ಪಕ್ಕದ ಗೋಡೆಯ ಸಾಲಿನಲ್ಲಿ ಹೆಚ್ಚು ಎತ್ತರದಿಂದ ಬಂದ ಹಗ್ಗ ಹೆಚ್ಚು ಹಿಂದಕ್ಕೆ. ಈ ಕ್ರಮ ಹಿಡಿದರೆ ಹಗ್ಗಗಳು ಒಂದನ್ನೊಂದು ದಾಟುವುದು ಕಡಿಮೆ. ಹೊಸ ಹಗ್ಗ ಕಟ್ಟುವಾಗ ಹಳೆಯದು ನಡುವೆ ಬಾಗಿದರೆ ದಾರಿ ತಪ್ಪಿದೆ ಎಂದರ್ಥ. ಹಗ್ಗ ಹಗ್ಗವನ್ನು ಉಜ್ಜುತ್ತಿದ್ದರೆ ನಿಜ ಹಡಗಿನಲ್ಲಿ ಬೇಗನೆ ಎರಡೂ ಸವೆಯುತ್ತಿದ್ದವು. ಹಗ್ಗದ ತುದಿ ಸುತ್ತಿ ಬಿಗಿಯುವ ಕಡ್ಡಿಗಳಾದ ಬಿಲೇಯಿಂಗ್ ಪಿನ್ನುಗಳನ್ನು ಸಾಲು ಸಾಲಾಗಿ ಕೊಡುವ ಕಿಟ್ಟುಗಳ ಬಗ್ಗೆಯೂ ಎಚ್ಚರ. ಹಳೆಯ ಹಡಗುಗಳಲ್ಲಿ ಬಹಳಷ್ಟು ಹಗ್ಗಗಳು ಕ್ಲೀಟ್, ಗೂಟ, ಕಂಬಗಳಿಗೆ ಬಿಗಿಯುತ್ತಿದ್ದವು.

ಪಿನ್ನಿಗೆ ಕಟ್ಟುವುದು ಹೀಗೆ: ದಾರ ಮೊದಲು ಪಿನ್ನಿನ ಕೆಳಭಾಗದ ಹಿಂದೆ ಹೋಗಿ, ಮೇಲೆ ಕೆಳಗೆ ಎಂಟರ ಅಂಕಿಯಂತೆ ಎರಡು ಮೂರು ಸಲ ಬರಲಿ. ಎಂಟರ ಅಂಕಿ ಎಂದರೆ ಇಂಗ್ಲಿಷ್ ಎಂಟು, ನಮ್ಮದಲ್ಲ. ಒಂದು ಹನಿ ಅಂಟುನೀರು, ಒಣಗಿದ ಮೇಲೆ ಪಿನ್ನಿನ ಹಿಂದೆ ಕತ್ತರಿ.

ಸುರುಳಿಗಳು

ಉಳಿದ ಹಗ್ಗ ಸುರುಳಿಯಾಗಿ ಪಿನ್ನಿನ ಮೇಲೆ ತೂಗುತ್ತದೆ. ಇದನ್ನು ಬೇರೆಯಾಗಿ ಮಾಡಿ ಆಮೇಲೆ ಹಾಕುವುದೇ ಸುಲಭ. ಹಲಗೆಯ ತುಂಡಿನಲ್ಲಿ ಮೇಲೊಂದು, ಕೆಳಗೆರಡು ಮೊಳೆ ಹೊಡೆಯಿರಿ, ಮೇಲಿನದಕ್ಕೂ ಕೆಳಗಿನವಕ್ಕೂ 1:64ರಲ್ಲಿ 15ರಿಂದ 18 ಮಿಮೀ ಅಂತರ. ಅದೇ ಹಗ್ಗದ ದಾರವನ್ನು ನಾಲ್ಕೈದು ಸುತ್ತು ಸಡಿಲವಾಗಿ ಸುತ್ತಿ, ಕೊನೆಯ ತುದಿಯನ್ನು ಮೇಲಿನ ಮೊಳೆಯ ಹತ್ತಿರ ಸುತ್ತುಗಳಿಗೆ ಅಡ್ಡ ಹಾಯಿಸಿ ಕುಣಿಕೆ ಮಾಡಿ, ಅಂಟುನೀರು ಸವರಿ. ಅರೆ ಒಣಗಿದಾಗಲೇ ತೆಗೆದು ಪಿನ್ನಿಗೆ ಹಾಕಿ, ಚಿಮಟದಿಂದ ಕೆಳಭಾಗವನ್ನು ಗೋಡೆಗೆ ಒತ್ತಿ. ಪೂರ್ತಿ ಒಣಗಿದ ಸುರುಳಿ ಪಿನ್ನಿನಿಂದ ಕೋಲಿನಂತೆ ಚಾಚಿ ನಿಲ್ಲುತ್ತದೆ. ಭಾರವಿರುವ ಹಗ್ಗ ಹಾಗೆ ನಿಲ್ಲುವುದಿಲ್ಲ.

ಸುರುಳಿಗಳೆಲ್ಲ ಒಂದೇ ಅಳತೆಯವಾಗಬಾರದು. ಏರಿಸಿದ ಯಾರ್ಡಿನ ಹ್ಯಾಲ್ಯಾರ್ಡ್ ತನ್ನ ಉದ್ದವನ್ನೆಲ್ಲ ಡೆಕ್ಕಿಗೆ ಎಳೆದುಕೊಂಡಿರುತ್ತದೆ, ಅದರದು ದಪ್ಪ ಸುರುಳಿ. ಯಾರ್ಡ್ ಇಳಿದಿದ್ದರೆ ಆ ಹಗ್ಗ ಮೇಲಿನ ರಾಟೆಗಳಲ್ಲೇ ಇದೆ, ಪಿನ್ನಿನ ಮೇಲೆ ಒಂದೆರಡು ಸುತ್ತು ಮಾತ್ರ ಉಳಿದಿರುತ್ತದೆ.